ಕರಪತ್ರದ ಬೆನ್ನು

ಲೋಕದಲ್ಲಿ ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಜೂಜಿನ ಚಟ. ತಕ್ಕಡಿಯಣ್ಣನಿಗೆ ಕಾಗದದ ಚಟ. ಕುಡುಕನಿಗೆ, ಜೂಜುಗಾರನಿಗೆ ಊರೆಲ್ಲ ಛೀಮಾರಿ ಹಾಕುತ್ತದೆ, ಹೆಂಡತಿಯ ಪರ ನಾಲ್ಕು ಮಾತಾಡುತ್ತದೆ. ಕಾಗದದ ಚಟದವನಿಗೆ ಮಾತ್ರ ಊರು ಕೈ ಮುಗಿಯುತ್ತದೆ, ಹೆಂಡತಿ ಒಬ್ಬಳೇ ಕೂತು ಧೂಳು ಹೊಡೆಯಬೇಕು. ಇದು ಯಾವ ಸೀಮೆಯ ನ್ಯಾಯ ಅಂತ ತಕ್ಕಡಿಯಕ್ಕ ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದಳು. ಉತ್ತರ ಹೇಳುವ ಪುಣ್ಯಾತ್ಮ ಯಾರೂ ಸಿಕ್ಕಿರಲಿಲ್ಲ.

ಗಂಡನದು ತಕ್ಕಡಿ ರಿಪೇರಿಯ ಕೆಲಸ. ಮುಳ್ಳು ವಾಲಿದ್ದು, ಸರಪಳಿ ಸವೆದದ್ದು, ಒಂದು ತಟ್ಟೆ ತಗ್ಗಿದ್ದು, ಹೀಗೆ ಅಂಗಡಿ ಅಂಗಡಿಯಿಂದ ತಂದು ಮನೆಯ ಮುಂದಿನ ಕೋಣೆಯಲ್ಲಿ ಸರಿ ಮಾಡಿ ಕೊಡುತ್ತಿದ್ದ. ಅದಕ್ಕೇ ಅವನು ಬೀದಿಗೆಲ್ಲ ತಕ್ಕಡಿಯಣ್ಣ, ಅವಳು ತಕ್ಕಡಿಯಕ್ಕ. "ಗಂಡ ಅಣ್ಣ, ಹೆಂಡ್ತಿ ಅಕ್ಕ, ಇದೆಂಥಾ ಸಂಬಂಧ ಮಾರಾಯ್ರೇ!" ಅಂತ ಅವಳ ತಮ್ಮ ಬಂದಾಗಲೆಲ್ಲ ರೇಗಿಸುತ್ತಿದ್ದ.

ಚಟ ಅಂಟಿದ್ದು ಒಂದು ಉಪ್ಪಿನ ಪೊಟ್ಟಣದಿಂದ. ಅಂಗಡಿಯವನು ಉಪ್ಪು ಕಟ್ಟಿಕೊಟ್ಟ ಹಳೇ ಕಾಗದ ಬಿಚ್ಚಿದರೆ ಒಳಗೆ ದೊಡ್ಡವರ ಮುಖ. ದೊಡ್ಡವರು ಅಂದರೆ ಯಾರು ಅಂತ ಆ ದೇಶದಲ್ಲಿ ಹಸುಗೂಸೂ ಕೇಳುವುದಿಲ್ಲ. ಪರರ ಆಳ್ವಿಕೆ ಓಡಿಸಿದವರು, ಜೈಲಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಸತ್ತು ಎಷ್ಟೋ ಕಾಲವಾದರೂ ನಾಣ್ಯದ ಮೇಲಿಂದ ಇಳಿಯದವರು. ಅವರು ಇನ್ನೂ ಹುಡುಗರಾಗಿದ್ದಾಗ ಮಾಡಿದ ಭಾಷಣವನ್ನು ಯಾರೋ ಕದ್ದು ಅಚ್ಚು ಹಾಕಿಸಿ ಹಂಚಿದ್ದರು. ಆ ಕರಪತ್ರ ಉಪ್ಪಿನ ಪಾಲಾಗಿತ್ತು. "ಇಂಥಾ ಮಾತಿಗೆ ಇಂಥಾ ಗತಿಯಾ?" ಅಂತ ಅವತ್ತು ತಕ್ಕಡಿಯಣ್ಣ ಊಟ ಬಿಟ್ಟು ಕಣ್ಣಲ್ಲಿ ನೀರು ತಂದುಕೊಂಡ. ಹೊಸ ಹೆಂಡತಿ ಸಮಾಧಾನ ಮಾಡಿದಳು. ಅವತ್ತೇ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಅಲ್ಲಿಂದ ಶುರು. ಅಂಗಡಿಯ ರದ್ದಿ, ಸತ್ತವರ ಪೆಟ್ಟಿಗೆ, ಬೀರುವಿನ ತಳಕ್ಕೆ ಹಾಸಿದ ಹಾಳೆ, ಎಲ್ಲಿ ದೊಡ್ಡವರ ಹೆಸರು ಕಂಡರೂ ಕೈಯೊಡ್ಡಿ ಬೇಡಿ ತರುವುದೇ. ಭಾಷಣದ ಪುಸ್ತಿಕೆಗಳು, ಹಾಡಿನ ಹಾಳೆಗಳು, ಚುನಾವಣೆಯ ನೋಟೀಸುಗಳು. ತಂದದ್ದನ್ನು ಒಣ ಬ್ರೆಡ್ಡಿನ ತಿರುಳಿನಿಂದ ಉಜ್ಜಿ ಕೊಳೆ ತೆಗೆಯುವನು, ಕಬ್ಬಿಣದ ತೂಕದ ಕಲ್ಲುಗಳ ಅಡಿ ಇಟ್ಟು ಮಡಿಕೆ ಬಿಡಿಸುವನು, ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಡುವನು. ಮಂಚದ ಕೆಳಗೆ ಡಬ್ಬ, ಅಟ್ಟದ ಮೇಲೆ ಡಬ್ಬ, ಹಿಟ್ಟಿನ ಡಬ್ಬದ ಪಕ್ಕದಲ್ಲೂ ಡಬ್ಬ. ದೊಡ್ಡವರನ್ನು ಹೊಗಳಿದ್ದಷ್ಟೇ ಅಲ್ಲ, ಬಾಯಿಗೆ ಬಂದಂತೆ ಬೈದದ್ದೂ ಬೇಕು. "ಇದ್ಯಾಕ್ರೀ ಹೇಸಿಗೆ?" ಅಂತ ಅವಳು ಕೇಳಿದರೆ ಅವನದು ಒಂದೇ ಮಾತು: "ತಕ್ಕಡಿಗೆ ಎರಡು ತಟ್ಟೆ ಕಣೇ. ಒಂದೇ ತಟ್ಟೆಗೆ ಹಾಕಿದ್ರೆ ಅದು ತೂಕ ಅಲ್ಲ, ಮೋಸ."

ಅವನದೇ ಒಂದು ನೇಮವಿತ್ತು. ಯಾವ ಕಾಗದ ಬಂದರೂ ಕಿವಿಯ ಸಂದಿಯ ಪೆನ್ಸಿಲು ತೆಗೆದು ಅದರ ಬೆನ್ನ ಮೇಲೆ ಕೊಟ್ಟವರ ಹೆಸರು, ಬೀದಿ, ಅದು ಅವರ ಕೈಗೆ ಬಂದ ಬಗೆ ಬರೆಯಬೇಕು. "ಹೆಸರಿಲ್ಲದ ಕಾಗದ ಅನಾಥ" ಅನ್ನುತ್ತಿದ್ದ. ಕೊಟ್ಟವರ ಎದುರಿಗೇ ಬರೆದು, ಓದಿ ಹೇಳಿ, ಕೈ ಮುಗಿದು ಬರುವನು. ಜನಕ್ಕೂ ಅದು ಖುಷಿ. ಯಾರೂ ಕೇಳದ ತಮ್ಮ ಹೆಸರು ದೊಡ್ಡವರ ಬೆನ್ನಿಗೆ ಅಂಟಿತಲ್ಲ ಅಂತ. ಕಬ್ಬಿಣದ ಮೇಲೆ ಗುರುತು ಗೀಚಿ ಗೀಚಿ ಅಭ್ಯಾಸವಾದ ಕೈ ಅದು, ಪೆನ್ಸಿಲನ್ನೂ ಉಳಿಯ ಹಾಗೆ ಒತ್ತುತ್ತಿತ್ತು. ಬೆನ್ನಿಗೆ ಬರೆದದ್ದು ಮುಂದಿನಿಂದ ಉಬ್ಬಿ ಕಾಣುತ್ತಿತ್ತು.

ಆ ಮನೆಯಲ್ಲಿ ಅಳಿಸುವ ರಬ್ಬರ್ ಅನ್ನುವ ಪದಾರ್ಥವೇ ಇರಲಿಲ್ಲ. ಬರೆದದ್ದನ್ನು ಅಳಿಸುವುದು ಅವನ ಪ್ರಕಾರ ತಕ್ಕಡಿಯ ತಟ್ಟೆಗೆ ಮೇಣ ಅಂಟಿಸಿದಷ್ಟೇ ಪಾಪ.

ಇನ್ನು ತಮ್ಮನ ವಿಷಯ. ಅವನನ್ನು ಹೆತ್ತು ತಾಯಿ ಕಣ್ಣು ಮುಚ್ಚಿದಳು. ಲಂಗ ಹಾಕುವ ವಯಸ್ಸಿನ ಅಕ್ಕ ಆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡವಳು, ಮದುವೆಯಾಗುವ ತನಕ ಇಳಿಸಲಿಲ್ಲ. ಹೆಸರಿಗೆ ತಮ್ಮ, ಕರುಳಿಗೆ ಮಗ. ತನ್ನ ಹೊಟ್ಟೆಯಲ್ಲಿ ಮಕ್ಕಳಾಗದ ಮೇಲಂತೂ ಅವನೇ ಎಲ್ಲ. ಹುಟ್ಟಿನಿಂದ ಉಬ್ಬಸದವನು, ಸ್ವಲ್ಪ ಥಂಡಿ ತಗುಲಿದರೆ ಎದೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಈಗ ಅವನದೇ ಗಡಿಯಾರದ ಅಂಗಡಿ, ಹೆಂಡತಿ, ಮಕ್ಕಳು. ಆದರೂ ಅವನು ಕೆಮ್ಮಿದರೆ ಎರಡು ಬೀದಿಯಾಚೆ ಅಕ್ಕನ ಎದೆ ನೋಯುತ್ತಿತ್ತು.

ಈ ತಮ್ಮನಿಗೆ ಎದೆಯಲ್ಲಿ ಉಸಿರಿರಲಿಲ್ಲವೇ ಹೊರತು ನಾಲಿಗೆಗೆ ಬರ ಇರಲಿಲ್ಲ. ಮೀಸೆ ಚಿಗುರುವ ಕಾಲಕ್ಕೆ, ಊರಲ್ಲಿ ಬ್ರೆಡ್ಡಿಗೂ ಜನ ಹೊಡೆದಾಡುವ ಹೊತ್ತಿನಲ್ಲಿ, ದೊಡ್ಡವರಿಗೆ ಅಮೃತಶಿಲೆಯ ವಿಗ್ರಹ ನಿಲ್ಲಿಸಿದರು. ಇವನಿಗೆ ತಡೆಯಲಿಲ್ಲ. 'ಕಲ್ಲಿಗೆ ಹಸಿವಿಲ್ಲ' ಅಂತ ಒಂದು ಕರಪತ್ರ ಬರೆದು, ಹೆಸರು ಹಾಕದೆ ಅಚ್ಚು ಹಾಕಿಸಿ, ಚರ್ಮದ ಕಾರ್ಖಾನೆಯ ಬಾಗಿಲಲ್ಲಿ ಹಂಚಿ ಓಡಿ ಬಂದ. 'ದೊಡ್ಡವರೇ, ನಿಮ್ಮ ಕಲ್ಲಿನ ಹೊಟ್ಟೆಯಂತೂ ದುಂಡಗಾಯಿತು, ನಮ್ಮದು ಯಾವಾಗ?' ಅಂತ ಶುರುವಾಗುತ್ತಿತ್ತು ಅದು. ಉಳಿದ ಒಂದು ಪ್ರತಿಯನ್ನು ಭಾವನ ಕೈಗೆ ಕೊಟ್ಟು, "ತಗೊಳ್ಳಿ ಭಾವ, ನಿಮ್ಮ ದೇವರ ತಲೆಗೆ ನಂದೂ ಒಂದು ಕಲ್ಲು" ಅಂತ ನಕ್ಕ. ಭಾವನೂ ನಕ್ಕ. ನಗುತ್ತಲೇ ಪೆನ್ಸಿಲು ತೆಗೆದು ಬೆನ್ನಿಗೆ ಬರೆದ: ಬರೆದವನು, ಕೊಟ್ಟವನು, ನನ್ನ ಹೆಂಡತಿಯ ತಮ್ಮ. ಮುಂದೆ ಪೂರ್ತಿ ಹೆಸರು, ಬೀದಿ.

ಅದು ಡಬ್ಬ ಸೇರಿತು. ತಮ್ಮ ಮರೆತ, ಭಾವ ಮರೆಯಲಿಲ್ಲ. ಅಕ್ಕ ಆ ಡಬ್ಬವನ್ನು ಬರೀ ಧೂಳು ಹೊಡೆಯುವಾಗ ನೆನೆಯುತ್ತಿದ್ದಳು.

ಕಾಲ ಹೀಗೇ ಇರುತ್ತದೆಯೇ? ಹೊಸ ಸರ್ಕಾರ ಬಂತು, ಜೊತೆಗೆ ದೊಡ್ಡವರ ಗೌರವ ಕಾಪಾಡುವ ಕಾಯಿದೆಯೂ ಬಂತು. ದೊಡ್ಡವರನ್ನು ಹಳಿದರೆ, ಹಳಿದದ್ದನ್ನು ಇಟ್ಟುಕೊಂಡರೆ, ಇನ್ನೊಬ್ಬರಿಗೆ ಕೊಟ್ಟರೆ ಜೈಲು. ಹಳೇದಾದರೂ ಸರಿ, ಹೊಸದಾದರೂ ಸರಿ. "ಗೌರವ ಬೇಕಾಗಿರೋದು ಈಗ ಕುರ್ಚಿ ಮೇಲಿರೋರಿಗೆ. ಸತ್ತೋರ ಹೆಸರು ಹೇಳ್ತಾ ಇದಾರೆ ಅಷ್ಟೇ" ಅಂದ ತಮ್ಮ. "ಮೆತ್ತಗೆ ಮಾತಾಡೋ, ಗೋಡೆಗೂ ಕಿವಿ ಇರುತ್ತೆ" ಅಂದಳು ಅಕ್ಕ. ಅಷ್ಟರಲ್ಲೇ ದೊಡ್ಡವರ ಹೆಸರಿನ ಸ್ಮಾರಕ ಭವನದ ಕಾರ್ಯದರ್ಶಿ ತಕ್ಕಡಿಯಣ್ಣನ ಮನೆ ಹುಡುಕಿಕೊಂಡು ಬಂದ.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಬಂದವನು ಷೂ ಬಿಚ್ಚಿ ಒಳಗೆ ಕಾಲಿಟ್ಟ, ಸ್ಟೂಲಿನ ಮೇಲೆ ಕೂತ, ಕೊಟ್ಟ ಟೀ ಕುಡಿದ. "ಇಡೀ ದೇಶದಲ್ಲಿ ಇಂಥಾ ಸಂಗ್ರಹ ಇನ್ನೊಂದಿಲ್ಲ. ಭವನದಲ್ಲಿ ಒಂದು ಕೋಣೆಗೆ ನಿಮ್ಮ ಹೆಸರೇ ಇಡ್ತೀವಿ" ಅಂದ. ಹೊಗಳಿ ಅಟ್ಟಕ್ಕೇರಿಸುವುದು ಅಂದರೆ ಇದೇ. ತಕ್ಕಡಿಯಣ್ಣ ಮರುಮಾತಿಲ್ಲದೆ ಅಟ್ಟ ಹತ್ತಿ ಕೂತ.

"ಬೈದಿರೋದೂ ಇದೆ ಸ್ವಾಮಿ. ಅದೂ ಬೇಕಾ?" ಅಂತ ಕೇಳಿದ.

"ಅಯ್ಯೋ, ಅದೇ ಮುಖ್ಯ! ಎಲ್ಲಾ ಬೇಕು, ಒಂದೂ ಬಿಡದ ಹಾಗೆ ಬೇಕು." ಕಾರ್ಯದರ್ಶಿ ಒಂದು ಕರಪತ್ರ ಎತ್ತಿಕೊಂಡ, ಮಗುಚಿದ, ಬೆನ್ನ ಮೇಲಿನದನ್ನು ನಿಧಾನವಾಗಿ ಓದಿದ. "ಭಲೇ! ಎಲ್ಲದಕ್ಕೂ ಹೀಗೇ ಹೆಸರು ಬರೆದಿದೀರಾ?"

"ಎಲ್ಲದಕ್ಕೂ. ಒಂದನ್ನೂ ಬಿಟ್ಟಿಲ್ಲ" ಅಂದ ತಕ್ಕಡಿಯಣ್ಣ. ಮುಖ ಹಿಗ್ಗಿ ಅಗಲವಾಗಿತ್ತು.

ಬಾಗಿಲ ಮರೆಯಲ್ಲಿ ನಿಂತು ಅಕ್ಕ ಎಲ್ಲ ಕೇಳಿಸಿಕೊಂಡಳು. ಕಾರ್ಯದರ್ಶಿ ಆ ಕಡೆ ಹೋದನೋ ಇಲ್ಲವೋ, ಈ ಕಡೆ ಅವಳು ಗಂಡನನ್ನು ಹಿಡಿದಳು.

"ಏನ್ರೀ, ನನ್ನ ತಮ್ಮನದು ತೆಗೆದುಬಿಡಿ."

"ಯಾವುದು?"

"ಯಾವುದು ಅಂತ ನಿಮಗೆ ಗೊತ್ತು. ನಾಟಕ ಆಡಬೇಡಿ."

"ಅಲ್ಲ ಕಣೇ, ಅದು ಭವನ, ಪೊಲೀಸ್ ಠಾಣೆನಾ? ಓದೋ ಜನ, ದೊಡ್ಡ ಮನಸ್ಸಿನವರು. ಬೈದಿರೋದೇ ಮುಖ್ಯ ಅಂತ ಅವರ ಬಾಯಲ್ಲೇ ಬಂತಲ್ಲ."

"ಅವರ ಬಾಯಲ್ಲಿ ಬಂತು. ಹೊಟ್ಟೆಲೇನಿದೆ ಅಂತ ನೀವು ಇಳಿದು ನೋಡಿದ್ರಾ? ಅವನ ಎದೆ ನಿಮಗೆ ಗೊತ್ತಿಲ್ವಾ? ಜೈಲಿನ ಥಂಡಿ ನೆಲದ ಮೇಲೆ ಮಲಗಿಸಿದ್ರೆ ವಾರ ಉಳಿಯಲ್ಲ ಅವನು."

"ಒಂದು ತೆಗೆದ್ರೆ ಇನ್ನೊಂದು ಯಾಕೆ ಬಿಡಬೇಕು? ಎದುರು ಮನೆ ಹೊಲಿಗೆಯಮ್ಮ ಕೊಟ್ಟಿದ್ದು, ಬೇಕರಿಯವರು ಕೊಟ್ಟಿದ್ದು? ನಮ್ಮವನು ಅಂತ ತಟ್ಟೆಗೆ ಕೈ ಇಡೋಕಾಗುತ್ತಾ? ಹೋಗು, ಸುಮ್ನೆ ಏನೇನೋ ಹಚ್ಚಿಕೊಳ್ಳಬೇಡ."

ಮರ್ಯಾದಸ್ಥ ಮನುಷ್ಯ, ಸತ್ಯವಂತ, ಎಲ್ಲಾ ಸರಿ. ಆದರೆ ಆ ಗಳಿಗೆಯಲ್ಲಿ ಆ ಸತ್ಯವಂತನ ತಲೆಯ ಮೇಲೆ ಒಂದು ತೂಕದ ಕಲ್ಲು ಎತ್ತಿ ಹಾಕಬೇಕು ಅನ್ನಿಸಿತು ಅವಳಿಗೆ.

ಮಾರನೇ ದಿನ ಅವನು ಡಬ್ಬ ಕಟ್ಟಲು ಹಗ್ಗ ತರಲು ಹೋದ. ಅಕ್ಕ ಬಾಗಿಲು ಹಾಕಿಕೊಂಡು ಡಬ್ಬ ಬಿಚ್ಚಿದಳು. ತಮ್ಮನ ಕರಪತ್ರ ಸಿಕ್ಕಿತು. ಒಲೆ ಉರಿಯುತ್ತಿತ್ತು, ಹಾಕಿಬಿಟ್ಟಿದ್ದರೆ ಮುಗಿದಿತ್ತು. ಕೈ ಮುಂದೆ ಹೋಗಲಿಲ್ಲ. ಒಂದು ಕಾಗದ ಕಡಿಮೆಯಾದರೆ ಗಂಡನಿಗೆ ಗೊತ್ತಾಗಿಯೇ ಆಗುತ್ತದೆ. ಜೀವಮಾನವೆಲ್ಲ ಕೂಡಿಟ್ಟದ್ದರಲ್ಲಿ ಹೆಂಡತಿಯೇ ಕದ್ದಳು ಅಂತ ಕೊರಗುತ್ತಾನೆ. ಅದೂ ಅಲ್ಲದೆ ಅದು ತಮ್ಮನ ಹದಿಹರೆಯ. ಆ ಸಿಟ್ಟು, ಆ ಕುಚೋದ್ಯ, ಆ ಅಕ್ಷರಗಳು ಈಗ ಅವನಲ್ಲೇ ಉಳಿದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಯೋಚಿಸಿದಳು. ಒಣಗಿದ ಬ್ರೆಡ್ಡಿನ ತಿರುಳು ತಂದಳು, ಗಂಡ ಕೊಳೆ ತೆಗೆಯುತ್ತಿದ್ದ ಹಾಗೇ ಮೆತ್ತಗೆ, ಸುತ್ತಿ ಸುತ್ತಿ ಉಜ್ಜಿದಳು. ಪೆನ್ಸಿಲಿನ ಕಪ್ಪೆಲ್ಲ ತಿರುಳಿಗೆ ಬಂತು. ಬೆನ್ನು ಬಿಳಿಚಿಕೊಂಡಿತು. ಉದುರಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಇದ್ದ ಜಾಗದಲ್ಲೇ ಇಟ್ಟು, ಡಬ್ಬ ಮುಚ್ಚಿ, ಅಬ್ಬಾ ಅಂತ ಒಂದು ಲೋಟ ನೀರು ಕುಡಿದಳು.

ವ್ಯಾನು ಬಂತು. ಡಬ್ಬಗಳೆಲ್ಲ ಹೋದವು. ತಕ್ಕಡಿಯಣ್ಣ ಬೀದಿಯ ತಿರುವಿನವರೆಗೆ ವ್ಯಾನಿನ ಹಿಂದೆ ನಡೆದು ಹೋಗಿ, ಅಲ್ಲೇ ನಿಂತು ನೋಡಿ ಬಂದ. ಮನೆಯಲ್ಲಿ ಮಾತು ಪ್ರತಿಧ್ವನಿಸುವಷ್ಟು ಜಾಗವಾಯಿತು. ಇಷ್ಟು ಕಾಲ ಯಾವುದನ್ನು ಬೈದುಕೊಂಡು ಬದುಕಿದಳೋ ಅದೇ ಇಲ್ಲದೆ ಅವಳಿಗೆ ಕೈಕಾಲು ಆಡಲಿಲ್ಲ. ಖಾಲಿ ಗೋಡೆಯನ್ನೇ ಮತ್ತೆ ಮತ್ತೆ ಒರೆಸಿದಳು.

ಪೊಲೀಸರು ಮೊದಲು ಕರೆದುಕೊಂಡು ಹೋದದ್ದು ಎದುರು ಮನೆಯ ಹೊಲಿಗೆಯಮ್ಮನನ್ನು. ಕಣ್ಣು ಮಂಜಾದ ಮುದುಕಿ. ಯಾವ ಕಾಲದಲ್ಲೋ ಒಂದು ಹಳೇ ಕೋಟು ಬಿಚ್ಚಿ ಹೊಲಿಯುವಾಗ ಅಸ್ತರಿನೊಳಗೆ ಸಿಕ್ಕಿದ, ದೊಡ್ಡವರ ಮೀಸೆಯನ್ನು ಗೇಲಿ ಮಾಡಿದ ಹಾಡಿನ ಹಾಳೆಯನ್ನು ತಕ್ಕಡಿಯಣ್ಣನಿಗೆ ಕೊಟ್ಟಿದ್ದಳು. ಓದಲೂ ಬಾರದವಳು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ತೋಳು ಹಾಗೇ ಇತ್ತು, ಕಿಟಕಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಬೇಕರಿಯವನ ತಂದೆ. ಆಮೇಲೆ ಶಾಲೆಯ ಗಂಟೆ ಹೊಡೆಯುತ್ತಿದ್ದವನ ವಿಧವೆ. ಯಾರು, ಯಾಕೆ, ಯಾರು ಚಾಡಿ ಹೇಳಿದರು ಅಂತ ಬೀದಿ ಗುಸುಗುಸು ಅಂದಿತು. ತಕ್ಕಡಿಯಣ್ಣನೂ ಜೊತೆಗೂಡಿ, "ಪಾಪ, ಯಾವ ಪಾಪಿ ಹೇಳಿಕೊಟ್ಟನೋ" ಅಂತ ಲೊಚಗುಟ್ಟಿದ. ಅಕ್ಕನಿಗೆ ಮಾತ್ರ ಹೊಳೆಯಿತು. ಹೊಳೆದದ್ದನ್ನು ಗಂಡನಿಗೆ ಹೇಳಲು ಧೈರ್ಯ ಬರಲಿಲ್ಲ.

ಅವನಿಗೆ ಗೊತ್ತಾದದ್ದು ಭವನಕ್ಕೆ ಹೋದ ದಿನ. ತನ್ನ ಹೆಸರಿನ ಕೋಣೆ ನೋಡಿಕೊಂಡು ಬರುತ್ತೇನೆ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದವನು ಮಧ್ಯಾಹ್ನಕ್ಕೇ ಮರಳಿದ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನೆಲದ ಮೇಲೆ ಕೂತ.

"ಮಗುಚಿ ಇಟ್ಟಿದಾರೆ ಕಣೇ" ಅಂದ.

"ಏನು?"

"ಹೊಗಳಿರೋದೆಲ್ಲ ಮುಂದಿನ ಹಾಲ್‌ನಲ್ಲಿ ಗಾಜಿನೊಳಗೆ ಇಟ್ಟಿದಾರೆ. ಬೈದಿರೋದು ಎಲ್ಲಿ ಅಂತ ಹುಡುಕ್ತಾ ಹಿಂದಿನ ಕೋಣೆಗೆ ಹೋದೆ. ಉದ್ದಕ್ಕೆ ಮೇಜು ಹಾಕಿ ಎಲ್ಲಾ ಬೋರಲು ಮಗುಚಿ ಇಟ್ಟಿದಾರೆ. ಇಬ್ಬರು ಕೂತು ನಕಲು ಮಾಡ್ಕೋತಾ ಇದ್ರು. ಮುಖ ಯಾರೂ ನೋಡ್ತಾ ಇಲ್ಲ ಕಣೇ, ಬರೀ ಬೆನ್ನು ನೋಡ್ತಾ ಇದಾರೆ." ತನ್ನ ಕೈಯನ್ನೇ ಮಗುಚಿ ನೋಡಿಕೊಂಡ. "ನನ್ನ ಅಕ್ಷರ. ಒತ್ತಿ ಒತ್ತಿ ಬರೆದಿದೀನಿ, ಕಣ್ಣಿಲ್ಲದೋರಿಗೂ ಕೈಗೆ ಸಿಗೋ ಹಾಗೆ. ಆ ಮುದುಕಿಯ ಮನೆ ಬಾಗಿಲು ನಾನೇ ತೋರಿಸಿದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೇಳಿದ್ದೆನಲ್ಲ ಅಂತ ಕೂಗಾಡಬೇಕು ಅಂತ ಅವಳಿಗೆ ನಾಲಿಗೆಯ ತುದಿಯವರೆಗೆ ಬಂತು. ಆದರೆ ಎದುರಿಗೆ ಕೂತಿದ್ದವನ ಮುಖ ನೋಡಿದರೆ ಬೈಯುವ ಹಾಗಿರಲಿಲ್ಲ. ಅವನ ತಲೆ ಎದೆಗೆ ಒತ್ತಿಕೊಂಡು ಅತ್ತಳು. ಅವನೂ ಅತ್ತ. ಕೊನೆಗೆ ಅವನೇ, "ನಿನ್ನ ತಮ್ಮ…" ಅಂದ.

"ಅವನಿಗೇನೂ ಆಗಲ್ಲ. ನಾನು ಅಳಿಸಿದೀನಿ."

ತಕ್ಕಡಿಯಣ್ಣ ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಬೈಯಲಿಲ್ಲ.

"ಅಳಿಸಿದ್ಯಾ? ಯಾತರಲ್ಲಿ?"

"ಬ್ರೆಡ್ಡಲ್ಲಿ. ಚೂರೂ ಉಳಿದಿಲ್ಲ."

"ಅಯ್ಯೋ ಹುಚ್ಚಿ, ಸುಡಬಾರದಿತ್ತಾ! ಎಲ್ಲದರ ಬೆನ್ನಿಗೂ ಹೆಸರಿದ್ದು ಒಂದಕ್ಕೆ ಮಾತ್ರ ಇಲ್ಲ ಅಂದ್ರೆ ಕಣ್ಣಿಗೆ ಹೊಡೆಯೋದು ಯಾವುದೇ? ಒಂದನ್ನೂ ಬಿಟ್ಟಿಲ್ಲ ಅಂತ ನಾನೇ ಆ ಕಾರ್ಯದರ್ಶಿಗೆ ಹೇಳಿದೀನಿ. ಬ್ರೆಡ್ಡಿಗೆ ಕಪ್ಪು ಬರುತ್ತೆ, ಒತ್ತು ಬರಲ್ಲ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ರೆ ಒಂದೊಂದಕ್ಷರವೂ ಕಾಣುತ್ತೆ."

ತಮ್ಮನಿಗೆ ಹೇಳೋಣ, ಎಲ್ಲಾದರೂ ಓಡಿ ಹೋಗಲಿ ಅಂದಳು ಅವಳು. ಓಡಿದರೆ ತಾನೇ ಅಂತ ಒಪ್ಪಿಕೊಂಡ ಹಾಗೆ, ಆಮೇಲೆ ಹೆಂಡತಿ ಮಕ್ಕಳನ್ನ ಎಳೀತಾರೆ ಅಂದ ಅವನು. ಆ ಬಾಯಿಬಡುಕ ವಿಷಯ ತಿಳಿದರೆ ಸುಮ್ಮನೆ ಕೂರುವವನೂ ಅಲ್ಲ, ತಾನೇ ಠಾಣೆಗೆ ಹೋಗಿ ಎದೆ ತಟ್ಟಿಕೊಂಡು ನಿಲ್ಲುತ್ತಾನೆ. ಹೇಳುವುದು ಬೇಡ ಅಂತಾಯಿತು. ಹೆಸರುಗಳು ಹೋದದ್ದು ಈ ಮನೆಯ ಡಬ್ಬಗಳಿಂದಲೇ ಅನ್ನುವ ಸುದ್ದಿ ಅಷ್ಟು ಹೊತ್ತಿಗೆ ಬೀದಿಗೂ ಮುಟ್ಟಿತ್ತು. ರಿಪೇರಿಗೆ ಬಂದಿದ್ದ ತಕ್ಕಡಿಗಳನ್ನು ಜನ ಒಬ್ಬೊಬ್ಬರಾಗಿ ಬಂದು, ಮಾತಾಡದೆ, ವಾಲಿದ ಮುಳ್ಳಿನ ಸಮೇತ ಎತ್ತಿಕೊಂಡು ಹೋದರು. ಕಟುಕನದು ಒಂದು ಉಳಿಯಿತು.

ಅಧಿಕಾರಿ ಬಂದದ್ದು ಹಾಡಹಗಲಲ್ಲಿ, ಕಟುಕನ ತಕ್ಕಡಿಗೆ ತಕ್ಕಡಿಯಣ್ಣ ಹೊಸ ಸರಪಳಿ ಹಾಕುತ್ತಿದ್ದಾಗ. ಜೋರು ಮಾಡುವವನಲ್ಲ, ಮೆತ್ತಗಿನ ದನಿ. ಜೊತೆಗಿದ್ದ ಇಬ್ಬರು ಪೇದೆಗಳು ಬಾಗಿಲಲ್ಲೇ ನಿಂತರು. ಅವನು ಲಕೋಟೆಯಿಂದ ತಮ್ಮನ ಕರಪತ್ರ ತೆಗೆದು ಮೇಜಿನ ಮೇಲೆ ಬೋರಲು ಇಟ್ಟ.

"ಒಂದನ್ನೂ ಬಿಟ್ಟಿಲ್ಲ ಅಂದ್ರಂತೆ. ಇದೊಂದರ ಬೆನ್ನು ಯಾಕೆ ಬೋಳು?"

ಅಕ್ಕ ಅಡಿಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು.

"ಯಾರೋ ಉಜ್ಜಿದಾರೆ. ಕಾಗದದ ಮೇಲೆ ಜುಂಗು ಎದ್ದಿದೆ" ಅಂದ ಅಧಿಕಾರಿ. "ಏನಿತ್ತು ಇಲ್ಲಿ? ನೀವು ಹೇಳದಿದ್ರೂ ಪರವಾಗಿಲ್ಲ. ನಮ್ಮ ಹತ್ರ ಅಳಿಸಿದ್ದನ್ನೂ ಓದೋರಿದಾರೆ, ನಾಳೆ ಅವರ ಕೈಗೆ ಕೊಡ್ತೀನಿ. ನಿಮ್ಮ ಬಾಯಲ್ಲೇ ಬಂದ್ರೆ ನಿಮಗೇ ಒಳ್ಳೇದು ಅಂತ ಬಂದೆ."

ತಕ್ಕಡಿಯಣ್ಣ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಅಂಗಿಗೆ ಕೈ ಒರೆಸಿಕೊಂಡ. ಒಂದು ಸಲ ಹೆಂಡತಿಯ ಕಡೆ ನೋಡಿದ, ಬಹಳ ಹೊತ್ತೇನಲ್ಲ.

"ಬಾಯಲ್ಲಿ ಯಾಕೆ ಸ್ವಾಮಿ, ಬರೆದೇ ತೋರಿಸ್ತೀನಿ" ಅಂದವನೇ ಕರಪತ್ರ ಎಳೆದುಕೊಂಡು, ಕಿವಿಯ ಸಂದಿಯ ಪೆನ್ಸಿಲು ತೆಗೆದು, ಅವಳು ಉಜ್ಜಿದ್ದ ಅದೇ ಜಾಗದ ಮೇಲೆ, ಅದೇ ಸಾಲಿನ ಮೇಲೆ ಬರೆಯತೊಡಗಿದ. ಅಧಿಕಾರಿ "ಏಯ್, ಏಯ್" ಅನ್ನುವಷ್ಟರಲ್ಲಿ ಅರ್ಧ ಮುಗಿದಿತ್ತು. ಒಂದೊಂದು ಅಕ್ಷರದ ಮೇಲೂ ಎರಡೆರಡು ಸಲ ಎಳೆದ. ಕಬ್ಬಿಣಕ್ಕೆ ಗುರುತು ಹಾಕುವಾಗಲೂ ಅಷ್ಟು ಒತ್ತಿದ್ದನ್ನು ಅವಳು ಕಂಡಿರಲಿಲ್ಲ. ಹೆಬ್ಬೆರಳಿನ ಉಗುರು ಬೆಳ್ಳಗಾಯಿತು, ಮೇಜು ಕಿರುಗುಟ್ಟಿತು, ಕಾಗದ ಒಂದೆರಡು ಕಡೆ ಹರಿಯಿತು. ಕೊನೆಯ ಅಕ್ಷರಕ್ಕೆ ಪೆನ್ಸಿಲಿನ ಮೊನೆ ಟಪ್ ಅಂತ ಮುರಿಯಿತು.

ಅಧಿಕಾರಿ ಕಿತ್ತುಕೊಂಡು ಓದಿದ: ಬರೆದವನು, ಕೊಟ್ಟವನು, ನಾನೇ. ಕೆಳಗೆ ತಕ್ಕಡಿಯಣ್ಣನ ಪೂರ್ತಿ ಹೆಸರು, ಇದೇ ಬೀದಿ, ಇದೇ ಮನೆ.

ಕಾಗದಕ್ಕೆ ಒಂದು ಮಡಿಕೆ ಬಿದ್ದರೆ ಮೂರು ದಿನ ಕಲ್ಲಿನಡಿ ಇಟ್ಟು ಬಿಡಿಸುತ್ತಿದ್ದ ಮನುಷ್ಯ. ಹುಟ್ಟಿದ ಮೇಲೆ ಒಂದು ಸುಳ್ಳನ್ನೂ ಕಾಗದದ ಬೆನ್ನಿಗೆ ಬರೆದವನಲ್ಲ.

ಅಧಿಕಾರಿ ಕಿಟಕಿಯ ಹತ್ತಿರ ಹೋಗಿ ಕಾಗದವನ್ನು ಓರೆಯಾಗಿ ಹಿಡಿದ. ಆ ಕಡೆ ಈ ಕಡೆ ತಿರುಗಿಸಿದ. ಅಲ್ಲಿ ಈಗ ಕಾಣುತ್ತಿದ್ದದ್ದು ಒಂದೇ ಹೆಸರು.

"ನೀವಾ? ಇಡೀ ಆಯಸ್ಸು ಅವರ ಪೂಜೆ ಮಾಡಿದವರು?"

"ತಕ್ಕಡಿಗೆ ಎರಡು ತಟ್ಟೆ ಸ್ವಾಮಿ. ಹುಡುಗು ವಯಸ್ಸಲ್ಲಿ ಬರೆದೆ. ಕಾಯಿದೆ ಬಂದ ಮೇಲೆ ಹೆದರಿ ಉಜ್ಜಿದೆ."

ಅಧಿಕಾರಿ ದಡ್ಡನೇನಲ್ಲ. ಅವನು ಅಡಿಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ, ಮುರಿದ ಪೆನ್ಸಿಲನ್ನೂ ನೋಡಿದ. ಆದರೆ ಅವನಿಗೂ ಬೇಕಾಗಿದ್ದದ್ದು ಒಂದು ಹೆಸರು, ಅದು ಸಿಕ್ಕಿತು. ಕಾಗದವನ್ನು ಲಕೋಟೆಗೆ ಹಾಕಿ, "ನಡೀರಿ" ಅಂದ.

ತಕ್ಕಡಿಯಣ್ಣ ಚಪ್ಪಲಿ ಹುಡುಕಿ ಮೆಟ್ಟಿದ. "ಕಟುಕನ ತಕ್ಕಡಿ ಆಗಿದೆ. ಬಂದ್ರೆ ಕೊಡು" ಅಂದ ಹೆಂಡತಿಗೆ. ಅಷ್ಟೇ. ಬಾಗಿಲು ದಾಟುವಾಗ ತಲೆ ಬಗ್ಗಿಸುವುದನ್ನು ಮರೆತು ಎಂದಿನ ಹಾಗೆ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಬೀದಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ.

ಅಕ್ಕ ಠಾಣೆಗೆ ಅಲೆದಳು. ಇಲ್ಲಿಲ್ಲ ಅಂದರು. ಭವನಕ್ಕೆ ಹೋದಳು, ಕಾರ್ಯದರ್ಶಿಯವರು ಊರಲ್ಲಿಲ್ಲ ಅಂದರು. ಚಳಿ ಕಚ್ಚುವ ಹೊತ್ತಿಗೆ ಅವನ ಚಪ್ಪಲಿ, ಅಂಗಿ ಒಂದು ಗಂಟಿನಲ್ಲಿ ಮನೆಗೆ ಬಂದವು. ತಂದ ಪೇದೆ ಮುಖ ಎತ್ತಲಿಲ್ಲ. ಎದೆಗೆ ಥಂಡಿ ಹಿಡಿಯಿತಂತೆ, ವಯಸ್ಸಾಗಿತ್ತಲ್ಲ, ತಡೆಯಲಿಲ್ಲವಂತೆ. ದೇಹವನ್ನು ಅಲ್ಲೇ ಮಣ್ಣು ಮಾಡಿದರಂತೆ.

ತಮ್ಮ ಓಡಿ ಬಂದ. ಓಡಿದ್ದಕ್ಕೆ ಎದೆ ಕಿರುಗುಟ್ಟುತ್ತಿತ್ತು. ಖಾಲಿ ಕೋಣೆಯಲ್ಲಿ ಅತ್ತಿತ್ತ ತಿರುಗಾಡಿದ, ಕಣ್ಣು ಒರೆಸಿಕೊಂಡ, ಗಂಟನ್ನು ಮುಟ್ಟಿ ನೋಡಿದ. ಸಂಕಟಕ್ಕೆ ಅವನ ನಾಲಿಗೆ ಹುಡುಕುವುದು ಯಾವಾಗಲೂ ಸಿಟ್ಟನ್ನೇ.

"ಈ ಭಾವನಿಗೆ ನಾನು ಎಷ್ಟು ಬಡಕೊಂಡೆ ಅಕ್ಕಾ, ಕಸ ಗುಡ್ಡೆ ಹಾಕಬೇಡಿ ಅಂತ. ಬೀದಿಯವರ ಹೆಸರೆಲ್ಲ ಬರೆದಿಟ್ಟು ಅವರನ್ನೂ ಕೊಂದ, ತಾನೂ ಸತ್ತ. ತಾನೇ ಬೇರೆ ಏನೋ ಬೈದು ಬರೆದಿದ್ನಂತೆ, ನಮಗೆ ಒಂದು ಮಾತು ಹೇಳಲಿಲ್ಲ ನೋಡು. ಕಲ್ಲಿಗೆ ಹಸಿವಿಲ್ಲ ಅಂತಲೋ ಏನೋ. ಎಲ್ಲೋ ಕೇಳಿದ ಹಾಗಿದೆ. ಅಂಥಾ ಪುಕ್ಕಲನಿಗೆ ಇದೆಲ್ಲ ಯಾಕೆ ಬೇಕಿತ್ತು ಅಕ್ಕಾ?"

ಅಕ್ಕ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದಳು. ಹುಟ್ಟಿದಾಗಿನಿಂದ ಒಮ್ಮೆಯೂ ಅವನ ಮೈಮೇಲೆ ಕೈ ಮಾಡಿದವಳಲ್ಲ. ನರೆತ ತಲೆಯ ತಮ್ಮ ಕೆನ್ನೆ ಹಿಡಿದುಕೊಂಡು ಹಾಗೇ ನಿಂತ.

"ಯಾಕಕ್ಕಾ? ಯಾಕೆ ಹೊಡೆದೆ?"

ಹೇಳಿದರೆ ಈ ಬಾಯಿಬಡುಕ ನೇರ ಠಾಣೆಗೆ ಓಡುತ್ತಾನೆ. ಗಂಡ ಒತ್ತಿ ಬರೆದದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಅವಳು ಹಲ್ಲು ಕಚ್ಚಿದಳು, ಮೂಲೆಯಲ್ಲಿದ್ದ ಸ್ಟೂಲು ಎಳೆದು ಹಾಕಿದಳು, ಗೂಟದ ಮೇಲಿದ್ದ ಗಂಡನ ಉಣ್ಣೆಯ ಶಾಲು ತೆಗೆದು ಅವನ ಕುತ್ತಿಗೆಗೆ ಬಿಗಿಯಾಗಿ ಸುತ್ತಿದಳು.

"ಎದೆ ಕಿರುಗುಡ್ತಾ ಇದೆ" ಅಂದಳು. "ಕೂತ್ಕೋ. ಏನಾದ್ರೂ ಬಿಸಿ ಮಾಡಿ ಕೊಡ್ತೀನಿ."